ಶಟ್ಟೆವ್ವನ ಎಡಗೈ ಗೀರುಗಳು

"ಅವ್ವಾ, ಮಂದಿಗೆಲ್ಲಾ ಬೇರು ಕೊಡೂ ಆಯಿ ತಾ ಮಾತ್ರ ಯಾಕ ಗುಳಿಗಿ ನುಂಗ್ತಾಳ?"

ತಾನು ಆಯಿ ಎಂದು ಕರೆಯುವ ಓಣಿಯ ಶಟ್ಟೆವ್ವನ ಬಗ್ಗೆ ಸೃಷ್ಟಿ ಹೀಗೆ ಕೇಳಿದಾಗ ಉಮಾಶ್ರೀ ಅವಳ ಜಡೆಗೆ ರಿಬ್ಬನ್ ಕಟ್ಟುತ್ತಿದ್ದಳು. ಶಾಲೆಯ ಗಂಟೆಗೆ ಇನ್ನು ಹತ್ತು ನಿಮಿಷ. ಆರು ವರ್ಷದ ಮಗಳ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತ ಕುಳಿತರೆ ಶಾಲೆಯೂ ತಪ್ಪುತ್ತದೆ, ಒಲೆಯ ಮೇಲಿನ ಹಾಲೂ ಉಕ್ಕುತ್ತದೆ. ಬಿ.ಪಿ. ಗುಳಿಗೆ ಇರಬೇಕು, ವಯಸ್ಸಾದವರೆಲ್ಲ ನುಂಗುತ್ತಾರೆ ಎಂದಳು. ಹುಡುಗಿ ಬಿಡಲಿಲ್ಲ. ಬಿ.ಪಿ. ಗುಳಿಗೆಯಾದರೆ ಅಜ್ಜನ ಹಾಗೆ ಗೋಡೆಯ ಮಾಡದಲ್ಲಿ ಇಡಬೇಕಲ್ಲ, ಬೇರಿನ ಡಬ್ಬಿಯ ತಳದಲ್ಲಿ ಅರಿವೆ ಸುತ್ತಿ ಯಾಕೆ ಇಟ್ಟಿದ್ದಾಳೆ? ಕಣ್ಣಾಮುಚ್ಚಾಲೆ ಆಡುವಾಗ ಜೋಳದ ಚೀಲದ ಹಿಂದೆ ಅಡಗಿ ಕುಳಿತು ಎಲ್ಲ ನೋಡಿದ್ದೇನೆ ಎಂದಳು. ನುಂಗಿದ ಮೇಲೆ ಆಯಿ ಬಾಗಿಲ ಕಡೆ ನೋಡಿದಳಂತೆ, ಕದ್ದು ಹಾಲು ಕುಡಿದ ಬೆಕ್ಕಿನ ಹಾಗೆ.

ಇದನ್ನು ಯಾರ ಮುಂದೆಯೂ ಆಡಬೇಡ ಎಂದು ಉಮಾಶ್ರೀ ಮಗಳ ಗದ್ದ ಹಿಡಿದು ಹೇಳಿ ಕಳಿಸಿದಳು. ಆಮೇಲೆ ಹಾಲು ಇಳಿಸುತ್ತ, ತಾನೇಕೆ ಹಾಗೆ ಹೇಳಿದೆ ಎಂದು ತನಗೇ ಸೋಜಿಗವಾಯಿತು.

ಯರಗಟ್ಟಿಯ ಸಂತೆಪೇಟೆಯ ಹಿಂದಿನ ಓಣಿಯಲ್ಲಿ ಶಟ್ಟೆವ್ವನ ಮನೆಯನ್ನು ಯಾರೂ ಶಟ್ಟೆವ್ವನ ಮನೆ ಅನ್ನುವುದಿಲ್ಲ. ಕಾಮಣಿಯವರ ಮನೆ, ಅಂದರೆ ಕಾಮಾಲೆಗೆ ಬೇರು ಕೊಡುವವರ ಮನೆ, ಅನ್ನುತ್ತಾರೆ. ಬಸ್ಸಿನಿಂದ ಇಳಿದವರು ಕಣ್ಣು ಹಳದಿಯಾದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ದಾರಿ ಕೇಳಿದರೆ ಚಹಾದ ಅಂಗಡಿಯವನು ತಲೆಯನ್ನೂ ಎತ್ತದೆ ಕೈ ತೋರಿಸುತ್ತಾನೆ. ಹೂಲಿಯಲ್ಲಿ ಹುಟ್ಟಿದ ಶಟ್ಟೆವ್ವ ಹದಿನಾರಕ್ಕೆ ಈ ಮನೆಗೆ ಸೊಸೆಯಾಗಿ ಬಂದಳು. ಅತ್ತೆ ಬಾಯವ್ವ ಆಗ ಬೇರು ಕೊಡುತ್ತಿದ್ದಳು. ಬಾಯವ್ವ ಕಣ್ಣು ಮುಚ್ಚುವ ಮುಂಚೆ ಗುಡ್ಡದ ಯಾವ ಮಗ್ಗುಲಿಗೆ ಆ ಬಳ್ಳಿ ಇದೆ ಎಂದು ಸೊಸೆಗೆ ತೋರಿಸಿ, ಮನೆತನದ ಕಟ್ಟಳೆಗಳನ್ನು ಒಪ್ಪಿಸಿ ಹೋದಳು. ಗುರುವಾರ, ರವಿವಾರ ಎರಡೇ ದಿನ, ಬರಿ ಹೊಟ್ಟೆಯಲ್ಲಿ. ಬೇರು ಅರೆದು ಮಜ್ಜಿಗೆಯಲ್ಲಿ ಮೂರು ಸಲ. ಆ ಮೂರು ದಿನ ಎಣ್ಣೆ ಇಲ್ಲ, ಖಾರ ಇಲ್ಲ, ಬೇರೆ ಔಷಧ ಹೊಟ್ಟೆಗೆ ಹೋಗಕೂಡದು. ಒಂದು ಪೈಸೆ ಮುಟ್ಟುವಂತಿಲ್ಲ, ಮುಟ್ಟಿದರೆ ಬೇರು ಕಟ್ಟಿಗೆಯಾಗುತ್ತದೆ. ಗುಣವಾದ ಮೇಲೆ ಸಿರಸಂಗಿ ಕಾಳವ್ವನಿಗೆ ಒಂದು ಕಾಯಿ ಒಡೆಸಿದರೆ ಸಾಕು.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು. ಜಡ್ಡಿನವರ ಎಡ ಮುಂಗೈಗೆ ಸಣ್ಣ ಚೂರಿಯಿಂದ ಒಂದು ಗೀರು ಹಾಕಿ, ಅರೆದ ಬೇರನ್ನು ಅಲ್ಲಿ ತಿಕ್ಕಬೇಕು. ಹಾಗೆ ಗೀರುವ ಮೊದಲು, ಕೊಡುವವರು ಅದೇ ಚೂರಿಯಿಂದ ತಮ್ಮ ಕೈಗೆ ಗೀರಿಕೊಳ್ಳಬೇಕು. ತಾನು ನೋವು ಉಣ್ಣದೆ ಇನ್ನೊಬ್ಬರಿಗೆ ನೋವು ಕೊಡಬಾರದು ಎಂದು ಬಾಯವ್ವ ಹೇಳುತ್ತಿದ್ದಳಂತೆ. ಗೀರಿದ ಮೇಲೆ ಚೂರಿಗೆ ವಿಭೂತಿ ಒರೆಸಿದರೆ ಮುಗಿಯಿತು, ಮುಂದಿನವರು ಕೈ ಚಾಚುತ್ತಿದ್ದರು.

ಅದಕ್ಕೇ ಶಟ್ಟೆವ್ವನ ಎಡಗೈ ಮೊಣಕೈವರೆಗೆ ಮಕ್ಕಳು ತಿದ್ದಿ ತಿದ್ದಿ ಹಾಳು ಮಾಡಿದ ಪಾಟಿಯಂತೆ ಗೆರೆ ಗೆರೆಯಾಗಿತ್ತು. ಊರವರು ಆ ಕೈಗೆ ನಮಸ್ಕಾರ ಮಾಡುತ್ತಿದ್ದರು. ಹದಿನೈದು ವರ್ಷದ ಹಿಂದೆ ಹೊಸದಾಗಿ ಬಂದ ನರ್ಸಬಾಯಿ ಒಬ್ಬಳು ಕಟ್ಟೆಗೆ ಬಂದು, ಎಲ್ಲರಿಗೂ ಒಂದೇ ಚೂರಿ ಹಾಕಿದರೆ ರಕ್ತದಿಂದ ರಕ್ತಕ್ಕೆ ದೊಡ್ಡ ಜಡ್ಡು ಹರಡುತ್ತದೆ ಎಂದಳು. ಶಟ್ಟೆವ್ವ ಅವಳ ಏಳು ತಲೆಮಾರನ್ನು ಜಾಲಾಡಿ ಓಣಿ ದಾಟಿಸಿದಳು. ಆದರೆ ಮುಂದಿನ ಗುರುವಾರ ಚೂರಿ ಹೊರಗೆ ಬರಲಿಲ್ಲ. ದೇವರ ಜಗುಲಿಯ ಮೇಲೆ ಕುಳಿತುಬಿಟ್ಟಿತು. ಅಂದಿನಿಂದ ಮಜ್ಜಿಗೆ ಮಾತ್ರ.

ಬಾಯಿ ಎಂದರೆ ಶಟ್ಟೆವ್ವನ ಬಾಯಿ. ಬಂದವರನ್ನು ಬಯ್ಯದೆ ಒಂದು ಲೋಟ ಮಜ್ಜಿಗೆ ಕೊಟ್ಟವಳಲ್ಲ. ಬೀದಿಯ ಬಂಡಿಯಲ್ಲಿ ತಿಂದು ಬಂದವನಿಗೆ, ಕಣ್ಣು ಹಳದಿ ಆಯಿತು, ಬುದ್ಧಿ ಯಾವಾಗ ಹಣ್ಣಾಗುತ್ತದೆ ಎಂದು ಕೇಳುವಳು. ಕೆರೆಯ ನೀರು ಕುಡಿದವನಿಗೆ, ಎಮ್ಮೆ ಕುಡಿದ ನೀರು ಎಮ್ಮೆಗೇ ಇರಲಿ, ನಿನಗೆ ಕೊಂಬು ಬಂದಿದೆಯೇ ಎನ್ನುವಳು. ಜನ ನಗುತ್ತ ಬೈಸಿಕೊಂಡು ಹೋಗುತ್ತಿದ್ದರು, ತಿಂಗಳೊಳಗೆ ಗುಣವಾಗುತ್ತಿದ್ದರು. ಕೆಟ್ಟ ನೀರಿನಿಂದ ಬರುವ ಕಾಮಣಿ ಬೇರು ಕುಡಿದರೂ, ಕುಡಿಯದಿದ್ದರೂ ತಾನಾಗಿ ಇಳಿದು ಹೋಗುತ್ತದೆ ಎಂದು ಆ ಓಣಿಯಲ್ಲಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಉಮಾಶ್ರೀಯ ಎಡ ಮುಂಗೈಯಲ್ಲೂ ಅಂಥದೊಂದು ಗೀರು ಇದೆ. ಏಳು ವರ್ಷದವಳಿದ್ದಾಗ ಸಿರಸಂಗಿಯಿಂದ ಮೊದಲ ಬಸ್ಸಿಗೆ ಅಪ್ಪ ಕರೆತಂದಿದ್ದ. ಮದುವೆಯಾಗಿ ಇದೇ ಓಣಿಗೆ ಬಂದಾಗ ಶಟ್ಟೆವ್ವ ಅವಳ ಕೈ ಹಿಡಿದು ನೋಡಿ, "ಇದ ನನ್ನ ಕೈಯಾಗಿಂದ. ನಿಮ್ಮಪ್ಪ ಬಸ್ಸಿಂದ ಇಳದ ಕೂಡ್ಲೇ ನೀ ನನ್ನ ಕಟ್ಟಿ ಮ್ಯಾಲ ಕಕ್ಕಿದ್ದಿ, ನೆನಪೈತೇನು?" ಎಂದಿದ್ದಳು. ಅಂದಿನಿಂದ ಆ ಮನೆ ಈ ಮನೆ ಒಂದೇ. ಸೃಷ್ಟಿ ಅರ್ಧ ಬೆಳೆದದ್ದು ಶಟ್ಟೆವ್ವನ ತೊಡೆಯ ಮೇಲೆ. ಗಂಡ ನಿಜಗುಣಪ್ಪ ತೀರಿ ಹೋಗಿ, ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲದ ಮುದುಕಿಗೆ ಆ ಹುಡುಗಿಯೇ ಒಂದು ಹಬ್ಬ.

ಶಟ್ಟೆವ್ವ ಸಾಕಿದ ಮಗ ಒಬ್ಬನಿದ್ದ, ಮೈದುನನ ಮಗ ಶ್ರೀಶೈಲ. ಹತ್ತನೆಯ ತರಗತಿಯವರೆಗೆ ಇವಳ ರೊಟ್ಟಿ ತಿಂದೇ ಓದಿದ. ಈಗ ಬೈಲಹೊಂಗಲದಲ್ಲಿ ಎರಡು ಕೋಣೆ ಹಿಡಿದು ಕಾಮಣಿ ಕೇಂದ್ರ ಎಂದು ಫಲಕ ಹಾಕಿದ್ದ. ಹೋದ ದೀಪಾವಳಿಗೆ ಬಂದು ದೊಡ್ಡವ್ವನಿಗೆ ಹೊಸ ಸೀರೆ ಉಡಿಸಿ, ಸೆರಗು ಹೊದಿಸಿ ಫೋಟೋ ತೆಗೆದುಕೊಂಡು ಹೋದ. ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕುತ್ತಾನೆ ಎಂದುಕೊಂಡು ಶಟ್ಟೆವ್ವ ಓಣಿಯ ತುಂಬ ಹೇಳಿಕೊಂಡು ತಿರುಗಿದಳು.

ಮಗಳು ಆ ಪ್ರಶ್ನೆ ಕೇಳಿದ ಮೂರನೆಯ ದಿನ ಗುರುವಾರ. ಉಮಾಶ್ರೀ ಶಟ್ಟೆವ್ವನ ಪಡಸಾಲೆಯಲ್ಲಿ ಕುಳಿತು ಅಲಸಂದಿ ಹಸನು ಮಾಡುತ್ತಿದ್ದಳು. ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ. ಆಟೋದಿಂದ ಗಂಡ ಹೆಂಡತಿ ಇಳಿದರು. ಗಂಡ ಸಿದ್ದರಾಮನಿಗೆ ಇಪ್ಪತ್ತಾರು ಇರಬಹುದು. ಸವದತ್ತಿ ಕಡೆಯ ಹಳ್ಳಿಯವನು, ಬಾಡಿಗೆ ಆಟೋ ಓಡಿಸುವವನು, ಅಂದು ಇನ್ನೊಬ್ಬರ ಆಟೋದಲ್ಲಿ ಒರಗಿಕೊಂಡು ಬಂದಿದ್ದ. ಕಣ್ಣು ಮಾತ್ರವಲ್ಲ, ಕುತ್ತಿಗೆ, ಅಂಗೈ ಎಲ್ಲ ಹಳದಿ. ಹೆಂಡತಿ ರಂಜನಾ ಏಳು ತಿಂಗಳ ಬಸುರಿ. ಅವಳೇ ಗಂಡನ ರಟ್ಟೆ ಹಿಡಿದು ಕೂಡಿಸಿದಳು.

ಶಟ್ಟೆವ್ವ ಅವನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದಳು. ಎಂದಿನಂತೆ ಬಯ್ಯಲಿಲ್ಲ. ಎಷ್ಟು ದಿನದಿಂದ ಎಂದು ಕೇಳಿದಳು. ರಂಜನಾ ಹೇಳಿದ್ದು ಇಷ್ಟು. ಎರಡು ವರ್ಷದ ಹಿಂದೆ ರಕ್ತದಾನದ ಶಿಬಿರದಲ್ಲಿ ಇವನ ರಕ್ತ ಬೇಡ ಎಂದರು, ಬಿ ಕಾಮಣಿ ಇದೆ, ಅದು ರಕ್ತದಲ್ಲೇ ಉಳಿಯುವ ಜಾತಿಯದು ಎಂದರು. ಬೆಳಗಾವಿಯ ಸರಕಾರಿ ದವಾಖಾನೆಯಲ್ಲಿ ಪರೀಕ್ಷೆ ಮಾಡಿ ದಿನಕ್ಕೊಂದು ಗುಳಿಗೆ ಕೊಟ್ಟರು, ಬಿಡಬೇಡ ಎಂದರು. ಮೈಯಲ್ಲಿ ಏನೂ ತ್ರಾಸು ಇರಲಿಲ್ಲ. ಏನೂ ಇಲ್ಲದವನು ಜೀವಮಾನವಿಡೀ ಗುಳಿಗೆ ನುಂಗುವುದೇ ಎಂದು ಮನೆಯವರೆಲ್ಲ ಕೇಳುತ್ತಿದ್ದರು. ಆಗ ಮೊಬೈಲಿನಲ್ಲಿ ಬೈಲಹೊಂಗಲದ ಕಾಮಣಿ ಕೇಂದ್ರದ ಈ ಪುಡಿಯ ಪೊಟ್ಟಣದ ಸುದ್ದಿ ಬಂತು.

ಸಿದ್ದರಾಮ ಅಂಗಿಯ ಕಿಸೆಯಿಂದ ಪೊಟ್ಟಣ ತೆಗೆದ. ಅದರ ಮೇಲೆ ಹೊಸ ಸೀರೆಯುಟ್ಟು ಸೆರಗು ಹೊದ್ದ ಶಟ್ಟೆವ್ವ ನಗುತ್ತಿದ್ದಳು.

"ಗುಳಿಗಿ ಬಿಟ್ಟು ಎಷ್ಟ ದಿನಾತು?" ಎಂದಳು ಶಟ್ಟೆವ್ವ.

"ಎರಡೂವರಿ ತಿಂಗಳಾತ್ರಿ."

"ಬಿಡು ಅಂದಾವ ಯಾರು?"

"ನೀವ ಅಂದೀರಿ ಅಂತ ಬರದೈತಲ್ರಿ. ನಿಮ್ಮ ಫೋಟೋ ಕೆಳಗ."

ಶಟ್ಟೆವ್ವನಿಗೆ ಅಕ್ಷರ ಬಾರದು. ಪೊಟ್ಟಣವನ್ನು ಉಮಾಶ್ರೀಯ ಮೊರದೊಳಗೆ ಎಸೆದು ಓದು ಎಂದಳು. ಉಮಾಶ್ರೀ ಓದಿದಳು. ಬಿ ಕಾಮಣಿ ನೂರು ದಿನದಲ್ಲಿ ಪೂರ್ಣ ಗುಣ. ಈ ನೂರು ದಿನ ಇಂಗ್ಲಿಷ್ ಔಷಧಿ ಸೇವಿಸಿದರೆ ಫಲ ದೊರೆಯದು. ಮೂರು ತಲೆಮಾರಿನ ಅನುಭವಿ ಶಟ್ಟೆವ್ವ ಅಮ್ಮನವರ ಮಾತು. ಶಟ್ಟೆವ್ವ ಇನ್ನೊಮ್ಮೆ ಓದಿಸಿದಳು. ಬಾಯವ್ವನ ಮೂರು ದಿನದ ಪಥ್ಯವನ್ನು ಶ್ರೀಶೈಲ ನೂರು ದಿನಕ್ಕೆ ಎಳೆದಿದ್ದ. ಮೂರು ದಿನದಲ್ಲಿ ಯಾರಿಗೂ ಏನೂ ಆಗುತ್ತಿರಲಿಲ್ಲ. ನೂರು ದಿನ ತುಂಬುವ ಮೊದಲೇ ಒಬ್ಬ ಮನುಷ್ಯ ಹೀಗೆ ಹಳದಿಯಾಗಿ ಕಟ್ಟೆಗೆ ಬಂದು ಬಿದ್ದಿದ್ದ.

ಆ ಮುದುಕಿಯ ಮುಖ ಹೀಗೆ ಕಪ್ಪಗಾದದ್ದನ್ನು ಉಮಾಶ್ರೀ ಎಂದೂ ನೋಡಿರಲಿಲ್ಲ. ಬೇರು ಕೊಡುವುದಿಲ್ಲ, ಈಗಿಂದೀಗ ಬೆಳಗಾವಿಗೆ ನಡೆಯಿರಿ ಎಂದಳು. ನಲವತ್ತು ವರ್ಷದಲ್ಲಿ ಆ ಕಟ್ಟೆಯಿಂದ ಒಬ್ಬರನ್ನೂ ಬರಿಗೈಯಲ್ಲಿ ಕಳಿಸಿದ್ದಿಲ್ಲ. ಸಿದ್ದರಾಮ ನಂಬಲಿಲ್ಲ. ತಮ್ಮ ನಂಬಿಕೆಯ ಪರೀಕ್ಷೆ ಮಾಡುತ್ತಿದ್ದಾಳೆ, ಇಲ್ಲವೇ ಸಿಟ್ಟಾಗಿದ್ದಾಳೆ ಎಂದುಕೊಂಡ. ರಂಜನಾ ಕಣ್ಣು ಒರೆಸಿಕೊಂಡಳು.

"ಇಷ್ಟ ಮಂದಿಗೆ ಕೊಟ್ಟೀರಿ, ನಮಗ್ಯಾಕ ಇಲ್ಲ ಅಂತೀರಿ? ನಾವೇನ ಪಾಪ ಮಾಡೇವ್ರಿ?"

ಇಲ್ಲಿ ಸಿಗದಿದ್ದರೆ ಬೈಲಹೊಂಗಲಕ್ಕೆ ಹೋಗೋಣ, ಅಲ್ಲಿ ಶ್ರೀಶೈಲಣ್ಣನ ಹತ್ತಿರ ಇದಕ್ಕಿಂತ ಜೋರಿನ ಔಷಧ ಬಂದಿದೆಯಂತೆ ಎಂದು ಸಿದ್ದರಾಮ ಎದ್ದ. ಎದ್ದವನು ಕಂಬ ಹಿಡಿದುಕೊಂಡ. ಆಟೋದವನು ಗಾಡಿ ಚಾಲೂ ಮಾಡಿದ.

ಶಟ್ಟೆವ್ವ ಒಳಗೆ ಹೋದಳು. ಹಿತ್ತಾಳೆಯ ಬೇರಿನ ಡಬ್ಬಿ ತಂದು, ಎಲ್ಲರ ಎದುರಿಗೆ ಕಟ್ಟೆಯ ಮೇಲೆ ಬೋರಲು ಹಾಕಿದಳು. ಒಣ ಬೇರು ಚೆಲ್ಲಾಪಿಲ್ಲಿಯಾಯಿತು. ತಳದಿಂದ ಅರಿವೆಯ ಗಂಟು ಬಿತ್ತು. ಅದರೊಳಗಿಂದ ಬಿಳಿ ಡಬ್ಬಿ, ಡಬ್ಬಿಯಿಂದ ಒಂದು ಗುಳಿಗೆ. ಮಜ್ಜಿಗೆಯ ಲೋಟದಿಂದಲೇ ನುಂಗಿದಳು.

"ಮೂರ ವರ್ಷಾತು, ದಿನಾ ಒಂದ. ನಿನ್ನ ಜಡ್ಡು ನನಗೂ ಐತಿ. ಬೇರಿಗೆ ಇದ ಹೋಗೂದಿದ್ರ, ಮನಿ ತುಂಬ ಬೇರ ಇಟ್ಕೊಂಡು ನಾ ಯಾಕ ಬೆಳಗಾಂವಿ ಬಸ್ ಹತ್ತತಿದ್ನಿ?"

ಕಾಯಿ ತಂದಿದ್ದ ಒಬ್ಬ ಹೆಂಗಸು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮೂರು ತಲೆಮಾರಿನ ಹೆಸರು ಅಲ್ಲಿ ಬೇರಿನ ಜೊತೆ ನೆಲದ ಮೇಲೆ ಬಿದ್ದಿತ್ತು, ಎತ್ತಿಕೊಳ್ಳುವವರಿರಲಿಲ್ಲ.

ಸಿದ್ದರಾಮ ಮತ್ತೆ ಕುಳಿತ. ಅವನನ್ನು ಎಬ್ಬಿಸಲು ಶಟ್ಟೆವ್ವ ಅವನ ಎಡಗೈ ಹಿಡಿದಳು. ಹಿಡಿದವಳು ಮುಂಗೈ ತಿರುಗಿಸಿ ನೋಡಿದಳು. ಈ ಹಳೆಯ ಗೀರು ಯಾರು ಹಾಕಿದ್ದು ಎಂದು ಕೇಳಿದಳು. ನೀವೇ, ನಾಲ್ಕು ವರ್ಷದವನಿದ್ದಾಗ ಅವ್ವ ಕರೆತಂದಿದ್ದಳಂತೆ ಎಂದ. ಶಟ್ಟೆವ್ವ ಆ ಕೈಯನ್ನು ಬಿಟ್ಟುಬಿಟ್ಟಳು, ಕಾದ ಹಂಚು ಮುಟ್ಟಿದವಳಂತೆ. ಅದು ಯಾಕೆ ಎಂದು ಉಮಾಶ್ರೀಗೆ ಆಗ ತಿಳಿಯಲಿಲ್ಲ. ಅವಳು ಆಟೋದವನಿಗೆ ಬಸ್‌ಸ್ಟ್ಯಾಂಡಿಗೆ ಹೋಗು ಎನ್ನುವುದರಲ್ಲಿ, ರಂಜನಾಳಿಗೆ ಬಾಟಲಿಯಲ್ಲಿ ನೀರು ತುಂಬುವುದರಲ್ಲಿ, ಹಳೆಯ ಚೀಟಿಗಳೆಲ್ಲ ಇವೆಯೇ ಎಂದು ಕೇಳುವುದರಲ್ಲಿ ಇದ್ದಳು. ಶಟ್ಟೆವ್ವ ಸೀರೆ ಕೂಡ ಬದಲಿಸದೆ ಅವರ ಜೊತೆಗೇ ಬಸ್ಸು ಹತ್ತಿದಳು. ದವಾಖಾನೆಯಲ್ಲಿ ಯಾವ ಬಾಗಿಲು, ಯಾವ ಕಿಟಕಿ, ಎಲ್ಲಿ ಚೀಟಿ ಮಾಡಿಸಬೇಕು ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಮೂರು ವರ್ಷದಿಂದ ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದು ಹೇಳಿ ಹೋಗುತ್ತಿದ್ದದ್ದು ಅಲ್ಲಿಗೇ.

ನಾಲ್ಕು ದಿನದ ಮೇಲೆ ಒಬ್ಬಳೇ ಬಂದಳು. ಬಂದವಳು ಬಾಗಿಲ ಬಳಿ ಕುಸಿದು ಕುಳಿತು ಹೇಳಿದಳು. ಸಿದ್ದರಾಮನನ್ನು ಒಳಗೆ ಹಾಕಿಕೊಂಡಿದ್ದಾರೆ. ಗುಳಿಗೆ ಮತ್ತೆ ಶುರು ಮಾಡಿದ್ದಾರೆ. ಇನ್ನೊಂದು ವಾರ ತಡವಾಗಿದ್ದರೆ ಹೆಣ ಒಯ್ಯಬೇಕಾಗುತ್ತಿತ್ತು ಎಂದರಂತೆ, ಈಗಲೂ ಪೂರಾ ಭರವಸೆ ಕೊಟ್ಟಿಲ್ಲ. ರಂಜನಾಳ ರಕ್ತ ನೋಡಿದರು, ಅವಳಿಗೆ ಇಲ್ಲ. ಮುಂದೆ ಬಾರದಂತೆ ಅವಳಿಗೆ ಲಸಿಕೆಯ ಸೂಜಿ ಹಾಕಿದ್ದಾರೆ, ಮಗು ಹುಟ್ಟಿದ ದಿನವೇ ಅದಕ್ಕೂ ಹಾಕಿಸಬೇಕು. ಇದನ್ನು ಬುಡಮಟ್ಟ ಕಿತ್ತು ಹಾಕುವ ಔಷಧ ಇಲ್ಲವೇ ಎಂದು ರಂಜನಾ ಡಾಕ್ಟರರನ್ನು ಕೇಳಿದಳಂತೆ. ದೊಡ್ಡ ದೊಡ್ಡ ಊರುಗಳಲ್ಲಿ ಪ್ರಯೋಗ ನಡೆದಿದೆ, ಏನಾಗಬಹುದು ಎಂದು ಎಲ್ಲ ತಿಳಿಸಿ, ಒಪ್ಪಿ ಸಹಿ ಮಾಡಿದವರ ಮೇಲೆ ಮಾತ್ರ, ಅದು ಬರುವವರೆಗೆ ಈ ಗುಳಿಗೆಯೇ ಗತಿ ಎಂದರಂತೆ ಅವರು.

"ಜಡ್ಡು ಹಾಯೂ ಹೋರಿ ಇದ್ದಂಗಂತ. ಗುಳಿಗಿ ಅದರ ಮೂಗದಾಣ. ಹೋರಿ ಸಾಯೂದಿಲ್ಲ, ಖರೆ ಹಾಯೂದಿಲ್ಲ. ಇಂವ ಹಗ್ಗಾನ ಬಿಟ್ಟಾನ," ಎಂದಳು. ಆಮೇಲೆ ಗೋಡೆಗೆ ತಲೆಯಾನಿಸಿ, "ಹಗ್ಗಾ ಬಿಡು ಅಂದದ್ದು ಪೊಟ್ಟಣದ ಮ್ಯಾಲಿನ ನನ್ನ ಮಾರಿ," ಎಂದಳು.

ರವಿವಾರ ಶ್ರೀಶೈಲ ಕಾರಿನಲ್ಲಿ ಬಂದ. ಉಮಾಶ್ರೀ ಆಗ ಎರಡು ಬಿಸಿ ರೊಟ್ಟಿ, ಪುಂಡಿಪಲ್ಲೆ ತಂದು ಶಟ್ಟೆವ್ವನನ್ನು ಉಣ್ಣಿಸುವ ಹಟದಲ್ಲಿದ್ದಳು. ಕಟ್ಟೆಯ ಸುದ್ದಿ ಬೈಲಹೊಂಗಲಕ್ಕೆ ಹೋಗಿತ್ತು. ಮೊದಮೊದಲು ಅವನು ಮೆತ್ತಗೇ ಮಾತಾಡಿದ. ಮನೆತನದ ಮರ್ಯಾದೆ ಬೀದಿಗೆ ಬಂತು, ನೀನು ಗುಳಿಗೆ ನುಂಗುವುದಿದ್ದರೆ ನುಂಗು, ಮಂದಿಯ ಮುಂದೆ ಯಾಕೆ ಎಂದ. ಪೊಟ್ಟಣದಿಂದ ನನ್ನ ಮುಖ ತೆಗೆ ಎಂದಳು ಶಟ್ಟೆವ್ವ. ಅವನು ನಕ್ಕ. ಸಾವಿರಾರು ಪೊಟ್ಟಣ ಹೊರಗೆ ಹೋಗಿವೆ, ಒಬ್ಬ ಸಿದ್ದರಾಮನಿಗಾಗಿ ನಿಲ್ಲಿಸಲಾಗುತ್ತದೆಯೇ ಎಂದ.

"ದೊಡ್ಡವ್ವ, ನಾನೂ ಪ್ರಯೋಗ ಮಾಡಾಕತ್ತೀನಿ. ನೂರ ಮಂದಿಗೆ ಕೊಟ್ರ ಇಪ್ಪತ್ತ ಮಂದಿಗರೆ ಗುಣಾ ಕಾಣತೈತಿ."

"ಉಳದ ಎಂಬತ್ತ ಮಂದೀದು?" ಎಂದಳು ಉಮಾಶ್ರೀ. "ಅವರಿಗೆ ಹೇಳೀರೇನು, ನಿಮ್ಮ ಮ್ಯಾಲ ಪ್ರಯೋಗ ನಡದೈತಿ ಅಂತ?"

"ತಂಗಿ, ಮನೀ ಮಾತಿನ್ಯಾಗ ನೀ ಬರಬ್ಯಾಡ."

"ಅಕಿ ಕೇಳಿದ್ದಕ್ಕ ಉತ್ತರಾ ಕೊಡು," ಎಂದಳು ಶಟ್ಟೆವ್ವ. "ಪ್ರಯೋಗಂತ. ಮೊದಲ ನಿನ್ನ ಹೊಟ್ಟಿಗೆ ಹಾಕ್ಕೊಂಡಿ ಏನು? ನಮ್ಮತ್ತಿ ಕಟ್ಟಳಿ ಮರತ್ಯೋ? ತಾ ಉಣ್ಣದ ನೋವು ಇನ್ನೊಬ್ಬರಿಗೆ ಕೊಡಬಾರದು."

ಶ್ರೀಶೈಲನ ಮುಖದಿಂದ ನಗೆ ಹೋಯಿತು. ಎದ್ದು ನಿಂತ. ದವಾಖಾನೆಯಲ್ಲಿದ್ದ ಸಿದ್ದರಾಮನ ಮಾವ ಫೋನು ಮಾಡಿದ್ದ, ಡಾಕ್ಟರರ ಮುಂದೆ ಈ ಮುದುಕಿ ಅತ್ತು ಹೇಳಿಕೊಂಡದ್ದೆಲ್ಲ ತನಗೆ ಗೊತ್ತಿದೆ ಎಂದ.

"ನೀ ಮೊದಲ ನಿನ್ನ ಕೈಗೆ ಹಾಕ್ಕೋತಿದ್ದೆಲ್ಲ, ಅದರಿಂದ ಏನಾತು? ಅದ ಚೂರೀಲೆ ಅವರ ಕೈ ಗೀರಿದಿ. ನಿನ್ನ ರಕ್ತದಾಗಿನ ಜಡ್ಡು ಊರಿಗೆಲ್ಲ ಹಂಚಿದಾಕಿ ನೀ. ನಾ ಬರೇ ಪುಡಿ ಮಾರೀನಿ."

ಕಾರು ಹೋದ ಸದ್ದು ಓಣಿಯ ಕೊನೆಯವರೆಗೂ ಕೇಳಿತು. ಉಮಾಶ್ರೀ ಕೈಯಲ್ಲಿನ ರೊಟ್ಟಿಯನ್ನು ನೋಡಿದಳು. ರೊಟ್ಟಿ ಹಿಡಿದ ಎಡಗೈಯನ್ನು ನೋಡಿದಳು. ಮುಂಗೈಯ ಗೀರು ನೋಡಿದಳು. ತಲೆ ಎತ್ತಿದಾಗ ಶಟ್ಟೆವ್ವನ ಕಣ್ಣುಗಳೂ ಅಲ್ಲೇ ಇದ್ದವು. ಅವನು ಸುಳ್ಳು ಹೇಳಿದ ಎಂದು ಮುದುಕಿ ಒಂದು ಮಾತು ಆಡಲಿ ಎಂದು ಉಮಾಶ್ರೀ ಕಾದಳು. ಮುದುಕಿ ತನ್ನ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ತಾಟನ್ನು ಅಲ್ಲೇ ಇಟ್ಟು ಮನೆಗೆ ಬಂದಳು. ಟ್ರಂಕು ತೆಗೆದು, ಮಗಳ ಜನ್ಮ ದಾಖಲೆ, ಪಡಿತರ ಚೀಟಿ, ಗಂಡ ಮಹಾದೇವ ಕೆಲಸಕ್ಕಿರುವ, ಕಾಳು ಮಾರಿಸುವ ಅಡತಿ ಅಂಗಡಿಯವರು ವರ್ಷಕ್ಕೊಂದು ಕೊಡುವ ಡೈರಿಗಳು, ಎಲ್ಲವನ್ನೂ ಹಾಸಿಗೆಯ ಮೇಲೆ ಸುರಿದಳು. ಆ ಡೈರಿಗಳಲ್ಲಿ ಅವಳು ಮಗಳ ಹಲ್ಲು ಬಂದ ದಿನದಿಂದ ಹಿಡಿದು ಮೊನ್ನೆಯ ಮಳೆಯವರೆಗೆ ಬರೆದಿಟ್ಟಿದ್ದಳು. ಕೊನೆಗೆ ತಾಯಿ ಕಾರ್ಡು ಸಿಕ್ಕಿತು. ಬಸುರಿದ್ದಾಗ ಮಾಡಿದ ರಕ್ತಪರೀಕ್ಷೆಗಳ ಪುಟ. ಹೆಪಟೈಟಿಸ್ ಬಿ ಎಂದಿದ್ದ ಸಾಲಿನ ಮುಂದೆ, ಇಲ್ಲ ಎಂದು ನೀಲಿ ಶಾಯಿಯಲ್ಲಿತ್ತು. ಕೆಳಗಿನ ಪುಟದಲ್ಲಿ ಸೃಷ್ಟಿ ಹುಟ್ಟಿದ ದಿನವೇ ಹಾಕಿದ ಸೂಜಿಯ ಗುರುತೂ ಇತ್ತು. ಉಮಾಶ್ರೀ ಆ ಕಾರ್ಡನ್ನು ಎದೆಗೆ ಒತ್ತಿಕೊಂಡು ಕುಳಿತಳು. ನೆಮ್ಮದಿ ಬಂತು. ನೆಮ್ಮದಿಯ ಹಿಂದೆಯೇ ಸಿಟ್ಟು ಬಂತು, ಬಂದದ್ದು ಹೋಗಲಿಲ್ಲ.

ತೊಡೆಯ ಮೇಲೆ ಕೂಡಿಸಿಕೊಂಡು ಉಣ್ಣಿಸಿದರೆ ಈ ಜಡ್ಡು ಹತ್ತುವುದಿಲ್ಲ, ಅದು ಅವಳಿಗೂ ಗೊತ್ತಿತ್ತು. ಸಿಟ್ಟು ಅದಕ್ಕಲ್ಲ. ಮೂರು ವರ್ಷ. ತನ್ನ ರಕ್ತದಲ್ಲಿ ಏನಿದೆ ಎಂದು ಗೊತ್ತಾದ ಮೇಲೆ ಮೂರು ವರ್ಷ ಈ ಮುದುಕಿ ದಿನಾ ಎದುರು ಕುಳಿತು ಚಹಾ ಕುಡಿದಳು. ಉಮಾ, ಒಂದು ಸಲ ರಕ್ತ ತೋರಿಸು ಎಂಬ ಒಂದು ಮಾತು ನಾಲಿಗೆಗೆ ಬರಲಿಲ್ಲ. ಬೀದಿ ಬಂಡಿಯಲ್ಲಿ ತಿಂದವರನ್ನು ಬಯ್ಯಲು ಬರುತ್ತಿತ್ತು. ತಾನು ಬಸುರಿಯಾದದ್ದಕ್ಕೆ ಪರೀಕ್ಷೆಯಾಯಿತು. ಆ ಕಟ್ಟೆಯ ಮೇಲೆ ಕೈ ಚಾಚಿದ ಗಂಡುಮಕ್ಕಳಿಗೆ ತಾಯಿ ಕಾರ್ಡು ಯಾರು ಕೊಡುತ್ತಾರೆ? ಅವರೆಲ್ಲ ಈಗ ಟ್ರ್ಯಾಕ್ಟರ್ ಓಡಿಸುತ್ತ, ಅಂಗಡಿ ಇಟ್ಟುಕೊಂಡು, ಮೈಯಲ್ಲಿ ಏನೂ ಇಲ್ಲ ಎಂದುಕೊಂಡು ತಿರುಗುತ್ತಿದ್ದಾರೆ. ಸಿದ್ದರಾಮನಿಗೂ ಏನೂ ಇರಲಿಲ್ಲ.

ಮಹಾದೇವ ಸಮಾಧಾನ ಹೇಳಲು ನೋಡಿದ. ಯಾರಿಗೆ ಎಲ್ಲಿಂದ ಬಂತು ಎಂದು ಡಾಕ್ಟರರೂ ಹೇಳಲಾರರು, ಅವನಿಗೆ ಅವನ ತಾಯಿಯಿಂದಲೇ ಬಂದಿರಬಹುದು, ಮುದುಕಿ ತಿಳಿದು ಮಾಡಿದ್ದಲ್ಲ ಎಂದ. ತಿಳಿಯದೆ ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ, ತಿಳಿದ ಮೇಲೆ ಸುಮ್ಮನಿದ್ದುದಕ್ಕೆ ಎಂದಳು ಉಮಾಶ್ರೀ.

ಹತ್ತು ದಿನ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಆಯಿಯ ಮನೆಗೆ ಹೋಗುತ್ತೇನೆ ಎಂದು ಸೃಷ್ಟಿ ಅತ್ತರೆ ಗದರಿಸಿದಳು, ಆಮೇಲೆ ಮುದ್ದಿಸಿದಳು, ಆದರೆ ಕಳಿಸಲಿಲ್ಲ. ಓಣಿಯ ಸುದ್ದಿ ಮಾತ್ರ ಕಿವಿಗೆ ಬೀಳುತ್ತಿತ್ತು. ಕಟ್ಟೆಗೆ ಬಂದವರಿಗೆ ಶಟ್ಟೆವ್ವ ಮಜ್ಜಿಗೆ ಕೊಡ ಒಲ್ಲಳಂತೆ. ಮೊದಲು ದವಾಖಾನೆಗೆ ಹೋಗಿ ರಕ್ತದ ಚೀಟಿ ತನ್ನಿ ಅನ್ನುತ್ತಾಳಂತೆ. ತಲೆ ಕೆಟ್ಟಿದೆ ಎಂದು ಕೆಲವರು, ಶ್ರೀಶೈಲನಿಂದ ಪಾಲು ಸಿಗಲಿಲ್ಲವೆಂದು ಹೀಗೆ ಮಾಡುತ್ತಾಳೆ ಎಂದು ಕೆಲವರು. ಸಿದ್ದರಾಮನ ಕಣ್ಣಿನ ಹಳದಿ ಇಳಿಯತೊಡಗಿದೆ ಎಂದು ರಂಜನಾಳ ಫೋನು ಬಂದದ್ದು ಉಮಾಶ್ರೀಗೇ. ಅಷ್ಟನ್ನಾದರೂ ಮುದುಕಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಹನ್ನೊಂದನೆಯ ದಿನ, ಗುರುವಾರ ಬೆಳಿಗ್ಗೆ, ಬೇರು ಕೊಡುವ ಹೊತ್ತಿಗೆ, ಶಟ್ಟೆವ್ವನೇ ಬಂದು ಉಮಾಶ್ರೀಯ ಬಾಗಿಲಲ್ಲಿ ನಿಂತಳು. ಒಳಗೆ ಬಾ ಎಂದು ಕರೆಯುವವರೆಗೆ ಕಾಯುವವಳಲ್ಲ, ಅಂದು ಕಾದಳು. ಉಮಾಶ್ರೀ ಕರೆಯಲಿಲ್ಲ. ಮುದುಕಿ ಮೆಟ್ಟಿಲ ಮೇಲೆಯೇ ಕುಳಿತಳು. ಸೃಷ್ಟಿ ಅವ್ವನ ಮುಖ ನೋಡಿ, ನೋಡದವಳಂತೆ ಓಡಿ ಹೋಗಿ ಆಯಿಯ ಪಕ್ಕ ಕುಳಿತಳು.

ಸಿದ್ದರಾಮ ಉಳಿಯುತ್ತಾನಂತೆ ಎಂದಳು ಉಮಾಶ್ರೀ, ನಿಂತುಕೊಂಡೇ. ಮುದುಕಿ ಸೆರಗಿನೊಳಗಿಂದ ಕೆಂಪು ಅರಿವೆಯ ಗಂಟು ತೆಗೆದು ಬಿಚ್ಚಿದಳು. ಬೆರಳುದ್ದದ ಚೂರಿ. ವಿಭೂತಿ ಮೆತ್ತಿ ಬೆಳ್ಳಗಾಗಿತ್ತು. ಇದನ್ನು ಕಮ್ಮಾರನ ಕುಲುಮೆಗೆ ಹಾಕಿಸಲು ಹೊರಟಿದ್ದೇನೆ, ಅದಕ್ಕೂ ಮೊದಲು ನಿನ್ನ ಹತ್ತಿರ ಬಂದೆ ಎಂದಳು.

"ತಪ್ಪಾತು ಅನ್ನಾಕ ಬಂದಿಲ್ಲ, ಉಮಾ. ನೀ ಆಗಲಿ ಬಿಡು ಅಂದ್ರೂ ಅದು ನನಗ ದಕ್ಕೂದಿಲ್ಲ. ಡಾಕ್ಟರ್ರು ಮೂರ ವರ್ಷದ ಹಿಂದ ಕೇಳಿದ್ರು, ಎಲ್ಲೆರೆ ಕೈ ಗೀರಿಸ್ಕೊಂಡಿಯೇನವ್ವಾ ಅಂತ. ಇಲ್ರಿ ಅಂದ್ನಿ. ಅವತ್ತ ಹೌದು ಅಂದಿದ್ರ, ಮಂದಿ ನನ್ನ ಕಟ್ಟೀಗೆ ಬರತಿದ್ದಿಲ್ಲ. ಮಂದಿ ಬರಲಿಲ್ಲಂದ್ರ ನಾ ಯಾರು?"

ಶಟ್ಟೆವ್ವ ಎಡಗೈಯ ಸೆರಗು ಸರಿಸಿ, ಗೀರುಗಳ ಮೇಲೆ ಬಲಗೈಯ ಬೆರಳು ಆಡಿಸಿದಳು. ಹೂಲಿಯವರು, ಸಿರಸಂಗಿಯವರು, ರಾಮದುರ್ಗದ ಕಡೆಯಿಂದ ಒಂದೇ ಗಾಡಿಯಲ್ಲಿ ಬಂದಿದ್ದ ಮೂವರು ಅಣ್ಣತಮ್ಮಂದಿರು, ಕಿತ್ತೂರಿನಿಂದ ಬಂದಿದ್ದ ಹಣಮಂತಪ್ಪನ ಅವಳಿಜವಳಿ. ಕೆಲವು ಗೆರೆಗಳ ಮೇಲೆ ಬೆರಳು ನಿಂತಿತು, ಹೆಸರು ಬರಲಿಲ್ಲ, ಮುಂದಕ್ಕೆ ಹೋಯಿತು.

"ಅರ್ಧ ಮರತೀನಿ. ಉಳದ ಅರ್ಧ ಮರಿಯೂದ್ರಾಗ ನೀ ಬರಕೋ. ನನಗ ಅಕ್ಷರ ಬರೂದಿಲ್ಲ, ನೀ ದಿನಾ ಬರಿಯಾಕಿ. ನಾ ಹೇಳತೇನಿ, ಊರು, ಹೆಸರು, ಯಾರ ಮಗಾ, ಯಾರ ಮಗಳು. ಬರದ ಹಾಳಿ ನರ್ಸಬಾಯಿ ಕೈಯಾಗ ಕೊಟ್ಟು, ಒಂದೊಂದ ಮನೀಗೂ ನನ್ನ ಜೊತಿ ಬಾ. ಪ್ರತಿ ಹೆಸರಿನ ಮುಂದ, ಇವರ ಕೈ ಗೀರಿದಾಕಿ ಶಟ್ಟೆವ್ವ, ಇವರ ರಕ್ತಾ ನೋಡ್ರಿ ಅಂತ ಬರಿ. ನನ್ನ ಹೆಸರ ಮಾತ್ರ ಬಿಡಬ್ಯಾಡವಾ."